ಮಂಚದ ಕಾಲಿನ ಗಂಟು

ಚಾಕು ಮೊಂಡಾಗಿತ್ತು. ಹುರಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಒಂದೊಂದೇ ಎಳೆ ಬಿಡುತ್ತಿತ್ತು. ಶಂಕ್ರಮ್ಮ ಮೊದಲು ಗಂಟನ್ನೇ ಬಿಚ್ಚಲು ನೋಡಿದ್ದಳು. ಉಗುರು ಹಾಕಿದಳು, ಹಲ್ಲು ಹಾಕಿದಳು. ಮಂಚದ ಕಾಲಿಗೆ ಬಿಗಿದುಕೊಂಡಿದ್ದ ಗಂಟು ಹುಣಸೆ ಬೀಜದ ಹಾಗೆ ಗಟ್ಟಿಯಾಗಿತ್ತು. ಹೊರಗೆ ಹಾಲಿನವನು ಎರಡನೇ ಸಲ ಹಾರ್ನ್ ಹೊಡೆದ. ಮೊದಲ ಹಾರ್ನಿಗೇ ಅವಳಿಗೆ ಎಚ್ಚರವಾಗಿತ್ತು. ಹಾಗೆ ಒಂದೇ ನಿದ್ದೆ ತೆಗೆದು ಬೆಳಕಿಗೆ ಎದ್ದು ಎಷ್ಟು ವರ್ಷವಾಗಿತ್ತೆಂದರೆ, ಕಣ್ಣು ಬಿಟ್ಟ ಕೂಡಲೇ ಅವಳಿಗೆ ಅನಿಸಿದ್ದು ಸುಖ. ಮೈಯೆಲ್ಲ ಹಗುರ. ಆಮೇಲೆ ತಲೆ ಎತ್ತಿ ಮಂಚ ನೋಡಿದ್ದಳು.

ಹುರಿ ಕಡಿಯಿತು. ಗಂಟಿನ ಭಾಗ ಮಂಚದ ಕಾಲಿನಲ್ಲೇ ಉಂಗುರದಂತೆ ಉಳಿಯಿತು. ಹಾಸಿಗೆಯ ಚಾದರವನ್ನು ಕೆಳಗೆ ಇಳಿಬಿಟ್ಟು ಅದನ್ನು ಮರೆ ಮಾಡಿದಳು.

ಹುರಿಯ ಇನ್ನೊಂದು ತುದಿ ಗಂಡ ಸೂಗಪ್ಪನ ಎಡಗೈ ಮಣಿಕಟ್ಟಿನಲ್ಲಿತ್ತು. ಟಾವೆಲ್ಲಿನ ಚೂರು ಒಳಗಿಟ್ಟು ಅವಳೇ ಹೊಲಿದ ಮೆತ್ತನೆಯ ಕುಣಿಕೆ. ಅದನ್ನು ಜಾರಿಸಿ ತೆಗೆದಳು. ಕೈ ತಣ್ಣಗಿತ್ತು. ಅದು ಮಂಚದ ಅಂಚು ದಾಟಿ, ಅವಳು ಮಲಗಿದ್ದ ಚಾಪೆಯ ಕಡೆಗೆ ಚಾಚಿತ್ತು. ಎದೆಯ ಮೇಲೆ ಮಡಚಿಡಲು ನೋಡಿದಳು. ಮಡಚಲಿಲ್ಲ. ಹಾಗೇ ಒಳಗೆ ತಳ್ಳಿ ಹೊದಿಕೆ ಹೊದಿಸಿದಳು. ಹುರಿಯನ್ನು ಸುತ್ತಿ ಉಡಿಯಲ್ಲಿ ಸಿಕ್ಕಿಸಿಕೊಂಡಳು. ಇಷ್ಟೆಲ್ಲ ಆದ ಮೇಲೆ ಬಾಗಿಲು ತೆಗೆದು "ರೋಷನಬೀ..." ಎಂದು ಕೂಗಿದಳು. ಕೂಗಿದ ಮೇಲೆಯೇ ಅಳು ಬಂದದ್ದು.

ರೋಷನಬಿ ಪಕ್ಕದ ಮನೆಯವಳು. ಕೋಟನೂರಿನ ಹೊಲಗಳು ಪ್ಲಾಟುಗಳಾದಾಗ ಈ ಸಾಲಿನಲ್ಲಿ ಮೊದಲು ಎದ್ದವು ಇವೆರಡೇ ಮನೆ. ನಡುವೆ ಒಂದೇ ಗೋಡೆ. ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಲೇ ಓಡಿ ಬಂದವಳು ಸೂಗಪ್ಪನ ಮೂಗಿನ ಬಳಿ ಬೆರಳಿಟ್ಟಳು, ಹಣೆ ಮುಟ್ಟಿದಳು, ಕೈ ಹಿಂದೆಗೆದಳು.

"ಯಾ ಅಲ್ಲಾ! ಪೂರಾ ತಣ್ಣಗ ಆಗ್ಯಾರಲ್ಲ. ಕಬ್ ಹುವಾ ಶಂಕ್ರಮ್ಮಾ? ಯಾವಾಗ ಆತು?"

ಶಂಕ್ರಮ್ಮ ಉತ್ತರ ಯೋಚಿಸಿಟ್ಟುಕೊಂಡಿರಲಿಲ್ಲ. ಬಾಯಿ ತಾನೇ ಹೇಳಿಬಿಟ್ಟಿತು. "ಐದಕ್ಕ ನೀರು ಬೇಕಂತ ಕೈ ಮಾಡಿದ್ರು ಆಪಾ. ಕುಡಿಸಿದೆ. ಎರಡು ಗುಟುಕು ಇಳೀತು. ಮೂರನೇದು ಇಳೀಲಿಲ್ಲ."

"ಹೆಂಡ್ತಿ ಕೈಲೆ ನೀರು ಕುಡದು ಹೋದ್ರು. ಅದಕ್ಕೂ ನಸೀಬ ಬೇಕು ನೋಡು," ಎಂದಳು ರೋಷನಬಿ. ಮಂಚದ ಪಕ್ಕ ಕುಳಿತು ಶಂಕ್ರಮ್ಮನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಸುಳ್ಳು ಅಲ್ಲಿಂದ ಹೊರಟಿತು.

ಏಳು ಗಂಟೆಗೆ ಮಗಳು ಅಂಜನಾ ಮತ್ತು ಅಳಿಯ ಸುನೀಲಕುಮಾರ ಐವಾನ್-ಎ-ಶಾಹಿ ಬಡಾವಣೆಯಿಂದ ಬರುವ ಹೊತ್ತಿಗೆ, ಬೀದಿಯ ಮೂಲೆಯಲ್ಲಿ ಸಿಕ್ಕವರೇ ಅವರಿಗೆ ನೀರಿನ ಮಾತು ಹೇಳಿದ್ದರು. ಅಂಜನಾ ಅಪ್ಪನ ಕಾಲು ಹಿಡಿದು ಅತ್ತಳು. ಅಳುತ್ತಲೇ, "ನೀರರೆ ಕುಡಿದನಲ್ಲವ್ವ, ಅಷ್ಟಾತು," ಎಂದಳು.

ಕಮಲಾಪುರದಿಂದ ಫೋನು ಬಂತು. ಸೂಗಪ್ಪನ ಅಕ್ಕ ಯಮನಮ್ಮ. ಸುನೀಲಕುಮಾರ ಸ್ಪೀಕರ್ ಹಾಕಿದ.

"ಇಲ್ಲಿಗೇ ತರ್ರಿ. ಅಪ್ಪನ ಮಗ್ಗಲಾಗ ಹೊಲದಾಗ ಜಾಗ ಅದ. ರೇವಣಗ ಹೇಳೇನಿ, ಕುಣಿ ತೋಡಸಾಕತ್ಯಾನ," ಎಂದಿತು ಒಡಕು ದನಿ. ರೇವಣ ಅವಳ ಮಗ. "ಕೂಡಿಸೀರೇನು ಅವಗ?"

ಇವರ ಮಂದಿಯಲ್ಲಿ ಹೆಣ ಮಲಗುವುದಿಲ್ಲ. ಜೀವ ಹೋದ ಕೂಡಲೇ ಕಾಲು ಮಡಚಿ, ಗೋಡೆಗೆ ಒರಗಿಸಿ ಕೂಡಿಸಿಬಿಡಬೇಕು. ಕುಳಿತೇ ಪೂಜೆ, ಕುಳಿತೇ ಮೆರವಣಿಗೆ, ಕುಳಿತೇ ಮಣ್ಣು. ತಡವಾದರೆ ಮೈ ಸೆಟೆದುಕೊಳ್ಳುತ್ತದೆ.

"ನೋಡಿದ್ವಿರಿ ಅತ್ತಿ," ಎಂದ ಸುನೀಲಕುಮಾರ. "ಮೊಣಕಾಲು ಮಡಚವಲ್ಲವು."

"ಐದಕ್ಕ ಹೋದಾವ ಏಳಕ್ಕ ಸೆಟದನೇನು?"

"ಜಡ್ಡಿನ ಮೈ ಅದ ಅಲ್ಲರೀ," ಎಂದು ರೋಷನಬಿ ಕೂತಲ್ಲಿಂದಲೇ ಕೂಗಿ ಹೇಳಿದಳು. "ಜೀವ ಇದ್ದಾಗೇ ಕಟಗಿ ಆಗಿತ್ತರೀ."

"ತರ್ರಿ," ಎಂದು ಯಮನಮ್ಮ ಫೋನಿಟ್ಟಳು. ಶಂಕ್ರಮ್ಮ ಉಡಿಯ ಮೇಲೆ ಕೈಯಿಟ್ಟುಕೊಂಡಳು.

*

ಸೂಗಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರನಾಗಿದ್ದ. ಅದರಲ್ಲಿ ಹತ್ತೊಂಬತ್ತು ವರ್ಷ ಹುಮನಾಬಾದ ರೂಟು. ಕುಳ್ಳ ಮನುಷ್ಯ, ತೆಳ್ಳಗಿನ ಮೈ. ದೇವರು ಉಳಿಸಿದ್ದನ್ನೆಲ್ಲ ಗಂಟಲಿಗೆ ಹಾಕಿದ್ದ. "ಕಮಲಾಪುರ ಇಳಿಯೋರು ಮುಂದ ಬರ್ರೀ!" ಎಂದರೆ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿದ ಕೂಸು ಎದ್ದು ಅಳುತ್ತಿತ್ತು. ಹಳೆಯ ಬಸ್ಸುಗಳಲ್ಲಿ ಮಾಡಿನುದ್ದಕ್ಕೂ ಒಂದು ಹಗ್ಗ, ಅದರ ತುದಿಗೆ ಡ್ರೈವರನ ತಲೆಯ ಹತ್ತಿರ ಗಂಟೆ. ಒಂದು ಸಲ ಜಗ್ಗಿದರೆ ನಿಲ್ಲಿಸು, ಎರಡು ಸಲ ಜಗ್ಗಿದರೆ ಹೊರಡು. ಬಾಗಿಲಲ್ಲಿ ನಿಂತ ಮುದುಕಿ ಕಾಲು ಗಟ್ಟಿಯಾಗಿ ಊರುವವರೆಗೂ ಅವನು ಎರಡನೆಯದನ್ನು ಜಗ್ಗುತ್ತಿರಲಿಲ್ಲ ಎಂಬುದೇ ಆ ರೂಟಿನಲ್ಲಿ ಅವನಿಗಿದ್ದ ಹೆಸರು. ಮನೆಯಲ್ಲೂ ಹಾಗೆಯೇ. ಹೆಂಡತಿಯ ಮೇಲೆ ಕೈ ಎತ್ತುವುದಿರಲಿ, ಅವಳ ಕೈಯಿಂದ ಹಾಲು ಚೆಲ್ಲಿದರೂ "ಬೆಕ್ಕಿಗೆ ಹಬ್ಬ ಆತು ಬಿಡು" ಎನ್ನುವವನು.

ನಿದ್ದೆಯಲ್ಲಿ ಒದರುವುದು ನೌಕರಿಯಲ್ಲಿದ್ದಾಗಲೇ ಶುರುವಾಗಿತ್ತು. ಕನಸಿನಲ್ಲೂ ಟಿಕೆಟ್ ಹರೀತಾನೆ ಎಂದು ತಾಯಿ ಮಗಳು ನಗುತ್ತಿದ್ದರು. ಕೈ ನಡುಗತೊಡಗಿದ್ದು ಆಮೇಲೆ. ಹೆಜ್ಜೆ ಗಿಡ್ಡವಾಯಿತು, ಮುಖ ಬಿಗಿಯಿತು. ಜೇವರ್ಗಿ ಕಾಲೋನಿಯ ಡಾಕ್ಟರು ಪಾರ್ಕಿನ್ಸನ್ ಎಂದರು. ಊರಿನವರು ನಡುಕಿನ ಜಡ್ಡು ಎಂದರು. ಎಲ್ಲಕ್ಕಿಂತ ಕೊನೆಗೆ ದನಿ ಬಿದ್ದುಹೋಯಿತು. ಬಸ್ ತುಂಬುತ್ತಿದ್ದ ಗಂಟಲಿನಿಂದ ಈಗ ಬರುತ್ತಿದ್ದದ್ದು ಉಸಿರು ಮಾತ್ರ. ಬಾಯಿಗೆ ಕಿವಿ ಹಚ್ಚಿದರಷ್ಟೇ ಮಾತು.

ಆದರೆ ನಿದ್ದೆಯಲ್ಲಿ ಹಳೆಯ ದನಿ ಬರುತ್ತಿತ್ತು. ಹಗಲೆಲ್ಲ ಲೋಟ ಎತ್ತಲಾರದವನು ಕನಸಿನಲ್ಲಿ ಎದ್ದು ಕೂತು, ತೋಳು ಬೀಸಿ, "ರೈಟ್ ರೈಟ್! ಮಹಾಗಾಂವ ಕ್ರಾಸ್ ಇಳೀರಿ!" ಎನ್ನುತ್ತಿದ್ದ. ಶಂಕ್ರಮ್ಮ ಕತ್ತಲಲ್ಲಿ ಅಲುಗಾಡದೆ ಕೇಳುತ್ತಿದ್ದಳು. ಎಬ್ಬಿಸಬೇಕೆಂದು ಗೊತ್ತಿತ್ತು. ಇನ್ನೊಂದು ಊರು ಬರಲಿ ಎಂದು ತಡೆಯುತ್ತಿದ್ದಳು. ಹಾಗೆ ತಡೆದ ಒಂದು ರಾತ್ರಿ ಅವನ ಮುಷ್ಟಿ ಬಂದು ಅವಳ ಕಣ್ಣಿಗೆ ಬಿತ್ತು.

ಬೆಳಿಗ್ಗೆ ಕಪ್ಪಾಗಿ ಊದಿದ ಕಣ್ಣು ನೋಡಿ ಅವನು ಅತ್ತ. ಬಿಗಿದ ಮುಖ ಅಳಲೂ ಬಿಡದೆ ಬರೀ ನೀರು ಇಳಿಯಿತು. ಅವಳು ಕಿವಿ ಹಚ್ಚಿದಳು. "ನಿನ್ನ ಯಾರೋ ಬಸ್ಸಿನಿಂದ ಎಳಕೊಂಡು ಹೊಂಟಿದ್ರು ಶಂಕ್ರಾ. ನಾ ಬಿಡಸಾಕತ್ತಿದ್ದೆ."

"ನಲ್ಲಿ ಬಡೀತು," ಎಂದಳು ಅವಳು ರೋಷನಬಿಗೆ. ಗೋಡೆಯಾಚೆಯ ರೋಷನಬಿ ನಂಬಲಿಲ್ಲ. "ನಮ್ಮ ಮನೀ ನಲ್ಲಿನೂ ಮೊದಲು ಹಂಗೇ ಬಡೀತಿತ್ತು. ಹತ್ತು ವರ್ಷಾತು, ಖಬರಸ್ತಾನಕ್ಕ ಹೋಗ್ಯದ," ಎಂದಳು.

ಡಾಕ್ಟರು ಸಣ್ಣ ವಯಸ್ಸಿನವರು, ತಾಳ್ಮೆಯಿಂದ ಹೇಳಿದರು. "ನಿದ್ದಿ ಒಳಗ ನಮ್ಮೆಲ್ಲರ ಕೈಕಾಲಿಗೆ ಒಂದು ಕೀಲಿ ಬೀಳ್ತದಮ್ಮ. ಅದಕ್ಕೇ ನಾವು ಕನಸಿನ್ಯಾಗ ಓಡಿದ್ರೂ ಹಾಸಿಗ್ಯಾಗೇ ಇರ್ತೀವಿ. ಇವರಿಗೆ ಆ ಕೀಲಿ ಕೆಟ್ಟದ. ಗುಳಿಗಿ ಕೊಡ್ತೀನಿ, ಕಡಿಮಿ ಆಗ್ತದ. ಆದ್ರ ಒಂದು ರಾತ್ರಿನೂ ಇವರನ್ನ ಒಬ್ಬರನ್ನೇ ಬಿಡಬ್ಯಾಡ್ರಿ. ತಾವೇ ಮಗ್ಗಲು ಬದಲಿ ಮಾಡ್ಲಿಕ್ಕೆ ಆಗಂಗಿಲ್ಲ. ನೀವು ಹೊಳ್ಳಿಸಬೇಕು. ನೀವೂ ಸ್ವಲ್ಪ ನಿದ್ದಿ ಮಾಡ್ರಿ."

ಎರಡೂ ಹೇಗೆ ಆಗುತ್ತದೆಂದು ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ.

ಹುರಿಯ ಉಪಾಯ ಸೂಗಪ್ಪನದೇ. ಕೂಗಲು ದನಿಯಿಲ್ಲ, ಹೊಡೆಯುವ ಕೈಗೆ ಕೀಲಿಯಿಲ್ಲ. "ಕಟ್ಟು," ಎಂದ. ಅವಳು ಹಳೆಯ ಸೀರೆಯ ಅಂಚು ಹರಿದು, ಮಗಳ ಜಡೆ ಹೆಣೆದಂತೆ ಹೆಣೆದಳು. ಒಂದು ತುದಿ ಅವನ ಮಣಿಕಟ್ಟಿಗೆ. ಇನ್ನೊಂದು ತುದಿಯಲ್ಲಿ ಜಗ್ಗಿದರೆ ಬಿಗಿಯುವ ಕುಣಿಕೆ. ಅದು ಮಂಚದ ಪಕ್ಕ ಚಾಪೆಯಲ್ಲಿ ಮಲಗುವ ಅವಳ ಬಲಗೈಗೆ. ಒಂದು ಸಲ ಜಗ್ಗಿದರೆ ಏಳು, ಹೊಳ್ಳಿಸು. ಎರಡು ಸಲ ಜಗ್ಗಿದರೆ ಆಯಿತು, ಮಲಗು. ಕಂಡಕ್ಟರನ ಲೆಕ್ಕ. ಮೊದಲ ರಾತ್ರಿ ಇಬ್ಬರೂ ನಕ್ಕರು. ಅವನದು ನಗೆಯೆಂದು ಅವಳೊಬ್ಬಳಿಗೇ ಗೊತ್ತಾಗುತ್ತಿತ್ತು.

ನಾಲ್ಕು ವರ್ಷ. ರಾತ್ರಿಗೆ ಐದು ಸಲ, ಏಳು ಸಲ, ಒಮ್ಮೊಮ್ಮೆ ಹನ್ನೊಂದು. ಹಗಲು ಕುರ್ಚಿಯಲ್ಲಿ ಅವನು ತೂಕಡಿಸುತ್ತಿದ್ದ. ನೋಡಲು ಬಂದವರು, "ಆರಾಮ ನಿದ್ದಿ ಮಾಡ್ತಾನಲ್ಲವ್ವ, ಇನ್ನೇನು ಬೇಕು," ಎಂದು ಚಹಾ ಕುಡಿದು ಹೋಗುತ್ತಿದ್ದರು. ಕಳೆದ ದೀಪಾವಳಿಗೆ ಬಂದ ಯಮನಮ್ಮ ಮಾತ್ರ ತಮ್ಮನ ಮಣಿಕಟ್ಟಿನ ಕಪ್ಪು ಗೆರೆ ನೋಡಿದಳು. "ದನ ಕಟ್ಟಿದಂಗ ಕಟ್ಟೀಯೇನು ನನ್ನ ತಮ್ಮಗ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ, ಊಟವನ್ನೂ ಮಾಡದೆ ಕಮಲಾಪುರದ ಬಸ್ಸು ಹತ್ತಿದ್ದಳು.

*

ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಮಲ್ಕಪ್ಪ ಕುಳಿತಿದ್ದ. ಹನ್ನೆರಡು ವರ್ಷ ಸೂಗಪ್ಪನ ಬಸ್ ಓಡಿಸಿದ ಡ್ರೈವರ್. ಈಗ ಕಣ್ಣಿಗೆ ಪೊರೆ ಬಂದಿದೆ, ಆದರೂ ದಾರಿ ಹೇಳುವುದು ಬಿಟ್ಟಿರಲಿಲ್ಲ. "ರಿಂಗ್ ರೋಡಿಗಿ ಹೊಡಿ. ಸಿಟಿ ಒಳಗ ಸಿಗಬೀಳ್ತಿ," ಎಂದು ಆಂಬುಲೆನ್ಸಿನವನಿಗೆ ಹೇಳುತ್ತಿದ್ದ. ಹಿಂದೆ, ಹೆಣದ ಎರಡೂ ಪಕ್ಕ ಶಂಕ್ರಮ್ಮ, ಅಂಜನಾ, ಸುನೀಲಕುಮಾರ.

"ಅಕ್ಕಾರ, ಇವನ ಗಂಟಲಿಗೆ ನನ್ನ ಬಸ್ಸಿಗಿ ಹಾರ್ನೇ ಬೇಕಾಗಿರಲಿಲ್ಲರೀ," ಎಂದು ಮಲ್ಕಪ್ಪ ಹಿಂದಕ್ಕೆ ತಿರುಗಿದ. "ಒಮ್ಮಿ ಹಾರ್ನ್ ಕೆಟ್ಟಿತ್ತು. ಕಿಡಕ್ಯಾಗ ತಲಿ ಹಾಕಿ ಹುಮನಾಬಾದ ತನಕ ಒದರಕೋತ ಬಂದ. ಎಮ್ಮಿಗಳೂ ಬಾಜೂ ಸರೀತಿದ್ವು."

ಅಂಜನಾ ಅಳುವಿನ ನಡುವೆ ನಕ್ಕಳು.

"ಹೋಗೋದರೆ ಹೆಂಗ ಹೋದ ನೋಡ್ರಿ. ಐದಕ್ಕ ಎದ್ದು ಕುಂತನಂತ, ನೀರು ಕೇಳಿದನಂತ, ಹೆಂಡ್ತಿ ಮಾರಿ ನೋಡಿ, 'ಶಂಕ್ರಾ, ನನ್ನ ಸ್ಟಾಪ್ ಬಂತು, ನಾ ಇಳೀತೀನಿ' ಅಂದನಂತ. ಚಹಾದ ಅಂಗಡ್ಯಾಗ ಹೇಳಾಕತ್ತಿದ್ರು. ಎಂಥಾ ಸಾವು!"

"ಹೌದೇನವ್ವ?" ಅಂಜನಾ ಕಣ್ಣರಳಿಸಿ ಕೇಳಿದಳು. "ಹಂಗಂದನೇನು ಅಪ್ಪ? ನನಗ ಹೇಳೇ ಇಲ್ಲ ನೀ."

ಶಂಕ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ಅದನ್ನು ಹೌದೆಂದುಕೊಂಡು ಅವಳ ತೊಡೆಯ ಮೇಲೆ ತಲೆಯಿಟ್ಟಳು. ತಲೆ ಉಡಿಯೊಳಗಿನ ಹುರಿಯ ಮೇಲೆಯೇ ಬಂತು.

ಮಹಾಗಾಂವ ಕ್ರಾಸಿನಲ್ಲಿ ಮಲ್ಕಪ್ಪ ಗಾಡಿ ನಿಲ್ಲಿಸಲು ಹೇಳಿದ. ಕೆಳಗಿಳಿಯಲಿಲ್ಲ, ಏನೂ ಮಾಡಲಿಲ್ಲ. ಬಸ್ಸು ನಿಲ್ಲುವಷ್ಟು ಹೊತ್ತು ನಿಲ್ಲಿಸಿ, ಬಾಗಿಲಿನ ತಗಡನ್ನು ಎರಡು ಸಲ ತಟ್ಟಿದ. ಗಾಡಿ ಹೊರಟಿತು. ಆ ಎರಡು ಪೆಟ್ಟಿಗೆ ಶಂಕ್ರಮ್ಮನ ಬಲಗೈ ತಾನಾಗಿಯೇ ಸಡಿಲಾಯಿತು. ಇನ್ನು ಮಲಗು ಎಂದಾಗ ಸಡಿಲಾಗುತ್ತಿದ್ದಂತೆ.

ಮಣ್ಣು ಕೆಂಪಾಯಿತು. ಕಮಲಾಪುರ ಬಂತು.

*

"ಮಲಗಿಸಿ ತಂದೀರಿ," ಎಂದಳು ಯಮನಮ್ಮ. ಎಪ್ಪತ್ತನಾಲ್ಕರ ಮುದುಕಿ, ಬೆನ್ನು ಇನ್ನೂ ನೆಟ್ಟಗಿತ್ತು. ತಮ್ಮನ ಮುಖ ಸವರಿದಳು. ಶಂಕ್ರಮ್ಮನ ಕಡೆ ನೋಡಲಿಲ್ಲ.

ಅಂಗಳದ ಕಟ್ಟೆಗೆ ಜಂಗಮರಾದ ಅಯ್ಯನೋರು ಬಂದು ಕುಳಿತಿದ್ದರು. ಊರಿನ ಎಲ್ಲ ಹೆಣಗಳನ್ನೂ ಕೂಡಿಸಿದ ಕೈ ಅವರದು. ಕಾಲು ಮುಟ್ಟಿ ನೋಡಿ, ಹುಬ್ಬು ಗಂಟಿಕ್ಕಿ, "ಬಿಸಿನೀರು ತರ್ರಿ, ಹಂಡೇನೇ ತರ್ರಿ," ಎಂದರು. ರೇವಣ ಮತ್ತು ಇನ್ನಿಬ್ಬರು ಮೊಣಕಾಲಿಗೆ ಬಿಸಿನೀರು ಸುರಿದು ತಿಕ್ಕಿದರು. ಒಬ್ಬ ತೊಡೆ ಹಿಡಿದ, ಇನ್ನೊಬ್ಬ ಪಾದ ಹಿಡಿದ. ಒಣ ಟೊಂಗೆ ಮುರಿದಂಥ ಸಪ್ಪಳ ಬಂತು. ಅಂಜನಾ ಕಿವಿ ಮುಚ್ಚಿಕೊಂಡಳು.

"ಐದಕ್ಕ ಹೋಗ್ಯಾರಂದ್ರಿ?" ಅಯ್ಯನೋರು ಯಾರನ್ನೂ ನೋಡದೆ ಕೇಳಿದರು.

"ಐದಕ್ಕರೀ. ನೀರು ಕುಡದು," ಎಂದ ರೇವಣ. "ಅತ್ತಿ ಕೈಲೆ."

"ಹೂಂ," ಎಂದರು ಅಯ್ಯನೋರು. "ದೇಹದ ಮಾತು ಬ್ಯಾರೇ ಇರ್ತದ. ಇರಲಿ."

ಕಾಲು ಹೇಗೋ ಮಡಚಿದವು. ಗೋಡೆಗೆ ಒರಗಿಸಿ, ಎದೆಗೆ ಪಂಚೆ ಕಟ್ಟಿ ಕೂಡಿಸಿದರು. ನಾಲ್ಕು ವರ್ಷದಲ್ಲಿ ಅವನು ಇಷ್ಟು ನೆಟ್ಟಗೆ ಕೂತದ್ದು ಶಂಕ್ರಮ್ಮ ನೋಡಿರಲಿಲ್ಲ. ಯಮನಮ್ಮ ತಂಬಿಗೆಯಿಂದ ತಲೆಗೆ ನೀರು ಹಾಕುತ್ತ ಕೆಳಗಿಳಿದಳು. ಹೆಗಲು, ತೋಳು, ಎಡಗೈ. ಅಲ್ಲಿ ತಂಬಿಗೆ ನಿಂತಿತು.

"ನೋಡ್ರಿ," ಎಂದಳು. ದನಿ ಏರಿತು. "ಎಲ್ಲಾರೂ ನೋಡ್ರಿ ನನ್ನ ತಮ್ಮನ ಕೈ. ಕಳ್ಳನ ಕೈಗೂ ಇಂಥಾ ಗುರುತು ಇರಂಗಿಲ್ಲ. ದಿನಾ ರಾತ್ರಿ ಕಟ್ಟಿ ಹಾಕ್ಯಾಳ ಇಕಿ. ಕಟ್ಟಿ ಹಾಕಿ ತಾ ಮಲಗ್ಯಾಳ!"

ಬಾಗಿಲಲ್ಲಿ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಅತ್ತಿ, ಅಪ್ಪಗ ಜಡ್ಡಿತ್ತು, ಡಾಕ್ಟರು..." ಎಂದು ಅಂಜನಾ ಶುರು ಮಾಡಿದಳು. ಶಂಕ್ರಮ್ಮ ಅವಳ ಕೈ ಹಿಡಿದು ತಡೆದಳು. 'ತಾ ಮಲಗ್ಯಾಳ' ಎಂಬುದು ನಿಜವಾಗಿತ್ತು. ಉಳಿದದ್ದಕ್ಕೆ ಅವಳಲ್ಲಿ ಉತ್ತರವಿತ್ತು.

"ಜಗಳಕ್ಕ ಆಮ್ಯಾಲ ಟೈಮ್ ಅದ," ಎಂದರು ಅಯ್ಯನೋರು. ವಿಭೂತಿ ಹಚ್ಚಿದರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ನಿಲ್ಲಿಸಲು ನೋಡಿದರು. ಪೂಜೆಗೆ ಕೂತವನ ಕೈ ಹಾಗಿರಬೇಕು. ಕೈ ಮಾತ್ರ ಮತ್ತೆ ಮತ್ತೆ ಪಕ್ಕಕ್ಕೆ, ಹೊರಗೆ ಚಾಚಿಕೊಳ್ಳುತ್ತಿತ್ತು. ಯಾರನ್ನೋ ಮುಟ್ಟಲು ಹೋದಂತೆ.

"ಇದ್ಯಾಕ ಹಿಂಗ? ಒಂದು ಪಟ್ಟಿ ಕೊಡ್ರಿ. ಕುತ್ತಿಗಿ ಹಿಂದಿನಿಂದ ಸುತ್ತಿ ಕಟ್ಟೋಣು."

ರೇವಣ ಟಾವೆಲ್ ಹರಿಯಲು ಹೊರಟ. ಶಂಕ್ರಮ್ಮ ಎದ್ದಳು. ಎಲ್ಲರ ಎದುರಿಗೇ ಉಡಿಗೆ ಕೈ ಹಾಕಿ ಹುರಿ ತೆಗೆದು ಅಯ್ಯನೋರ ಮುಂದೆ ಹಿಡಿದಳು.

"ಇದು ಅವರದರೀ."

ಮೆತ್ತನೆಯ ಕುಣಿಕೆ ಸೂಗಪ್ಪನ ಮಣಿಕಟ್ಟಿನ ಕಪ್ಪು ಗೆರೆಯ ಮೇಲೆ ಸರಿಯಾಗಿ ಕುಳಿತಿತು. ಅಯ್ಯನೋರು ಇನ್ನೊಂದು ತುದಿ ಹಿಡಿದು ಕುತ್ತಿಗೆಯ ಹಿಂದಿನಿಂದ ತಂದು ಬಿಗಿದರು. ಕೈ ನಿಂತಿತು. ಯಮನಮ್ಮ ಆ ತುದಿಯನ್ನೇ ನೋಡುತ್ತಿದ್ದಳು. ಹೊಸದಾಗಿ ಕೊಯ್ದ ಎಳೆಗಳು, ಬಿಳಿಯ ಕುಚ್ಚಿನಂತೆ.

*

ನಿನ್ನೆ ಶಂಕ್ರಮ್ಮನಿಗೆ ಜ್ವರವಿತ್ತು. ಎರಡು ದಿನದಿಂದಲೇ ಇತ್ತು. ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿ ಒಂಬತ್ತಕ್ಕೆ ಅಡ್ಡಾದಳು. ಹನ್ನೆರಡರೊಳಗೆ ನಾಲ್ಕು ಸಲ ಎದ್ದಳು. ನಾಲ್ಕನೇ ಸಲ ಅವನನ್ನು ಹೊಳ್ಳಿಸುವಾಗ ಕಣ್ಣಿಗೆ ಕತ್ತಲು ಬಂದು ಅವನ ಮೇಲೆಯೇ ಬಿದ್ದಳು. ಅವನು ಎರಡು ಸಲ ಜಗ್ಗಿದ. ಆಯಿತು, ಮಲಗು.

ಚಾಪೆಯ ಮೇಲೆ ಕೂತು ಅವಳು ತನ್ನ ಕೈ ನೋಡಿಕೊಂಡಳು. ಒಂದು ಗಂಟೆ, ಎಂದುಕೊಂಡಳು. ಒಂದೇ ಗಂಟೆ. ಕುಣಿಕೆಯನ್ನು ಬಳೆಗಳ ಮೇಲಿಂದ ಜಾರಿಸಿ, ಮಂಚದ ಕಾಲಿಗೆ ಹಾಕಿದಳು. ಸಡಿಲಾಗಿಯೇ ಹಾಕಿದಳು, ಸುಮ್ಮನೆ ತೂಗುಹಾಕಿದ ಹಾಗೆ. ಸಿಟ್ಟಿನಿಂದ ಅಲ್ಲ. ಆ ಕ್ಷಣಕ್ಕೆ ಅವಳಿಗೆ ಗಂಡನೂ ಬೇಕಾಗಿರಲಿಲ್ಲ, ಮಗಳೂ ಬೇಕಾಗಿರಲಿಲ್ಲ, ನಾಳೆಯೂ ಬೇಕಾಗಿರಲಿಲ್ಲ. ನಿದ್ದೆ ಬೇಕಾಗಿತ್ತು.

ಸಡಿಲಾಗಿ ಹಾಕಿದ ಕುಣಿಕೆ ತಾನಾಗಿಯೇ ಬಿಗಿಯುವುದಿಲ್ಲ. ಯಾರಾದರೂ ಜಗ್ಗಬೇಕು. ಹಲ್ಲಿಗೂ ಬಗ್ಗದಷ್ಟು ಬಿಗಿಯಬೇಕಾದರೆ ಬಹಳ ಹೊತ್ತು ಜಗ್ಗಬೇಕು.

*

ಹೊಲದಲ್ಲಿ ಕೆಂಬಾಳೆಯ ಸಾಲಿನಾಚೆ ಕುಣಿ ತೋಡಿದ್ದರು. ಕೂಡಿಸಿ ಇಳಿಸುವ ಮುಂಚೆ ಬಳೆ ತೆಗೆಯುವ ಶಾಸ್ತ್ರ. ಹಿರಿಯಳೆಂದು ಯಮನಮ್ಮನೇ ಬಂದಳು. ಗಂಡಸರಿಂದ ದೂರ, ಬಾಳೆಯ ಮರೆಯಲ್ಲಿ ಶಂಕ್ರಮ್ಮನನ್ನು ಕೂಡಿಸಿ ಬಲಗೈ ಎಳೆದುಕೊಂಡಳು. ಕಲ್ಲಿನಿಂದ ಒಡೆಯಲಿಲ್ಲ, ಸಾಬೂನು ನೀರು ಹಚ್ಚಿ ಒಂದೊಂದೇ ಹಸಿರು ಬಳೆ ಜಾರಿಸಿದಳು. ಕೊನೆಯ ಬಳೆ ಬಂದಾಗ ಕೈ ನಿಂತಿತು.

ಬಳೆಗಳ ಅಡಿಯಲ್ಲಿ, ಮಣಿಕಟ್ಟಿನ ಸುತ್ತ, ಬಳೆಗಿಂತ ದಪ್ಪದ ಕಪ್ಪು ಗೆರೆಯಿತ್ತು. ಚರ್ಮ ಎತ್ತಿನ ಹೆಗಲಿನಂತೆ ಗಡುಸಾಗಿತ್ತು. ಯಮನಮ್ಮ ಹೆಬ್ಬೆರಳಿನಿಂದ ಅದನ್ನು ಒಂದು ಸುತ್ತು ಸವರಿದಳು.

"ಆ ಹುರಿಯ ಈ ತುದಿ ನಿನ್ನ ಕೈಯಾಗ ಇತ್ತೇನು?"

"ಹೂಂ ಯಕ್ಕಾ."

"ಎಷ್ಟು ವರ್ಷ?"

"ನಾಕು."

"ನನಗ್ಯಾಕ ಹೇಳಲಿಲ್ಲ ದೀಪಾವಳಿಗೆ?"

"ನೀವು ಕುಂದರಲೇ ಇಲ್ಲ."

ಗಾಳಿಗೆ ಬಾಳೆ ಎಲೆ ಪಟಪಟಿಸಿತು. ಆಚೆ ಅಯ್ಯನೋರ ಮಂತ್ರ ಕೇಳುತ್ತಿತ್ತು. ಯಮನಮ್ಮ ಕೈ ಬಿಡಲಿಲ್ಲ. ಏನೋ ಲೆಕ್ಕ ಅವಳ ತಲೆಯಲ್ಲಿ ನಡೆದಿತ್ತು: ಸೆಟೆದ ಮೊಣಕಾಲು, ಹೊರಗೆ ಚಾಚಿದ ಕೈ, ಕೊಯ್ದ ತುದಿ. ಮುದುಕಿಯ ಮುಖ ಆ ಲೆಕ್ಕದ ಕೊನೆಗೆ ಬಂದು ನಿಂತದ್ದನ್ನು ಶಂಕ್ರಮ್ಮ ಕಣ್ಣಾರೆ ಕಂಡಳು.

"ಯಕ್ಕಾ," ಎಂದಳು. "ಯಕ್ಕಾ, ನಿನ್ನೆ ರಾತ್ರಿ ನಾ..."

"ನೀರು ಕುಡಿಸಿದಿ," ಎಂದಳು ಯಮನಮ್ಮ.

"ಇಲ್ಲ ಯಕ್ಕಾ, ನಾ ಹುರಿ..."

"ನೀರು ಕುಡಿಸಿದಿ ಶಂಕ್ರಾ. ಐದಕ್ಕ. ಊರಿಗೆಲ್ಲ ಹೇಳೀನಿ ನಾ. ನನ್ನ ತಮ್ಮ ಹೆಂಡ್ತಿ ಕೈಲೆ ನೀರು ಕುಡದು ಹೋಗ್ಯಾನ." ದನಿ ಗಟ್ಟಿಯಾಗಿತ್ತು, ಕಣ್ಣು ಬೇರೆ ಕಡೆ ಇತ್ತು. "ಮತ್ತೊಂದು ನನಗ ಹೇಳಬ್ಯಾಡ. ನನಗೂ ಇನ್ನು ಎಷ್ಟು ರಾತ್ರಿ ಉಳದಾವೋ. ನಿದ್ದಿ ಬರಬೇಕು ನನಗೂ."

ಕೊನೆಯ ಬಳೆ ಜಾರಿಸಿ ಮಣ್ಣಿನಲ್ಲಿಟ್ಟು ಎದ್ದು ಹೋದಳು.

ಕುಣಿಯೊಳಗೆ ಸೂಗಪ್ಪ ನೆಟ್ಟಗೆ ಕೂತಿದ್ದ, ಕೈಯಲ್ಲಿ ಲಿಂಗ, ಕುತ್ತಿಗೆಯಲ್ಲಿ ಹುರಿ. ಪತ್ರಿ ಬಿತ್ತು, ವಿಭೂತಿ ಬಿತ್ತು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ಶಂಕ್ರಮ್ಮನ ಹಿಡಿಯಿಂದ ಮಣ್ಣು ಬಹಳ ಹೊತ್ತು ಬೀಳಲಿಲ್ಲ. ರೇವಣ ಮುಷ್ಟಿ ಬಿಡಿಸಬೇಕಾಯಿತು.

*

ಜೀವ ಹೋದ ಜಾಗದಲ್ಲಿ ದೀಪ ಹಚ್ಚಬೇಕು ಎಂದು ತಾಯಿ ಮಗಳನ್ನು ಸಂಜೆಯೇ ಕೋಟನೂರಿಗೆ ಕಳಿಸಿದರು. ಅಂಜನಾ ಒಳಗೆ ದೀಪಕ್ಕೆ ಎಣ್ಣೆ ಹುಡುಕುತ್ತಿದ್ದಳು. ರೋಷನಬಿ ಮನೆ ತೊಳೆದಿಟ್ಟಿದ್ದಳು. ಹಾಸಿಗೆ ಹೊರಗೆ ಹಾಕಿದ್ದಳು. ಬರಿಯ ಮಂಚ ಗೋಡೆಗೆ ತಾಗಿ ನಿಂತಿತ್ತು. ಅದರ ಕಾಲಿಗೆ ಹುರಿಯ ಉಂಗುರ, ನೀರು ಕುಡಿದು ಇನ್ನಷ್ಟು ಬಿಗಿದಿತ್ತು.

ಶಂಕ್ರಮ್ಮ ಮಂಚದ ಬುಡದಲ್ಲಿ ಕುಳಿತು ಗಂಟಿಗೆ ಉಗುರು ಹಾಕಿದಳು.

"ಅದು ಏನಂತ ನಾನೂ ನೋಡಿದೆ. ಬಿಚ್ಚವಲ್ಲದು," ಎಂದಳು ರೋಷನಬಿ. "ಕೈಂಚಿ ತರಲಿ, ಕತ್ತರಿಸಾಕ?"

ಶಂಕ್ರಮ್ಮ ತಲೆಯಾಡಿಸಿ ಬೇಡವೆಂದಳು.

ರೋಷನಬಿ ಪಕ್ಕದಲ್ಲಿ ಕುಳಿತಳು. "ರಾತ್ರಿ ಮಂಚ ಗೋಡಿಗಿ ಬಡಿಯೋದು ಕೇಳಿದೆ ನಾ. ಎರಡೋ ಮೂರೋ ಗಂಟಿಗಿ. ಪಾಪ, ಹೊಳ್ಳಿಸಾಕತ್ಯಾಳ, ಜ್ವರದಾಗೂ ಬಿಡಂಗಿಲ್ಲ ಅಂದ್ಕೊಂಡೆ."

ಉಗುರು ನಿಂತಿತು.

"ಹೆಂಗ ಬಡೀತಿತ್ತು ಆಪಾ?"

"ಹೆಂಗಂದ್ರ? ಟಕ್ ಅಂತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತ ಟಕ್."

"ಒಂದೊಂದೇ?"

"ಒಂದೊಂದೇ. ಬಹಳ ಹೊತ್ತು." ರೋಷನಬಿ ನೆನಪು ಮಾಡಿಕೊಂಡಳು. "ಕಡೀಕ ಎರಡು ಕೂಡೇ ಬಂದಂಗ ಆತು. ಇಲ್ಲಾ ನನಗ ನಿದ್ದಿ ಹತ್ತಿತ್ತೋ ಏನೋ. ಖರೇ ಹೇಳಬೇಕಂದ್ರ ಗೊತ್ತಿಲ್ಲ ನೋಡು. ಯಾಕ?"

ಅಷ್ಟರಲ್ಲಿ ಅಂಜನಾ ದೀಪ ತಂದು ಮಂಚದ ಕೆಳಗಿಟ್ಟು, ಅವ್ವನ ತಲೆ ಮುಟ್ಟಿ, ಒಳಗೆ ಹೋದಳು. ರೋಷನಬಿ ನಮಾಜಿಗೆ ಹೊತ್ತಾಯಿತೆಂದು ಎದ್ದಳು.

ಒಬ್ಬಳೇ ಉಳಿದ ಮೇಲೆ ಶಂಕ್ರಮ್ಮ ಬಲಗೈಯ ತೋರುಬೆರಳನ್ನು ಹುರಿಯ ಉಂಗುರದ ಕೆಳಗೆ ತೂರಿಸಲು ನೋಡಿದಳು. ತುದಿಯಷ್ಟೇ ಹೋಯಿತು. ಅಷ್ಟರಿಂದಲೇ ಒಂದು ಸಲ ಜಗ್ಗಿದಳು. ಮಂಚ ಗೋಡೆಗೆ ಬಡಿದು ಟಕ್ ಎಂದಿತು. ದೀಪ ಅಲುಗಿತು. ಅವಳು ಮಂಚದ ಕಾಲಿಗೆ ಹಣೆ ಹಚ್ಚಿ, ಇನ್ನೊಂದು ಸಪ್ಪಳಕ್ಕೆ ಕಾಯುತ್ತ ಕುಳಿತಳು. ಬೆರಳು ಗಂಟಿನಲ್ಲಿ ಸಿಕ್ಕಿಕೊಂಡಿರುವಂತೆಯೇ, ಕಣ್ಣು ತಾವಾಗಿ ಮುಚ್ಚತೊಡಗಿದವು.